ಆಲೆಟ್ಟಿಯವರ ಸಿಂಗಾಪುರ ತಾಲೀಮು

ದೊಡ್ಡವರಿಗೆ ‘ಇಲ್ಲಿ ಉಗುಳಬೇಡಿ’ ಎಂದು ಹೇಳುವುದು ಹೇಗೆ?

ಬೆಳಿಗ್ಗೆ ಕನ್ನಡಿಯ ಮುಂದೆ ಹಲ್ಲುಜ್ಜುತ್ತ ನಿಂತಿದ್ದ ಮೋಕ್ಷಿತಾ ತನಗೆ ತಾನೇ ಒಪ್ಪಿಕೊಂಡ ಚಿಂತೆ ಇದೊಂದೇ. ಒಮ್ಮೆ ಹೇಳಿ ನೋಡೋಣವೆಂದು ಕನ್ನಡಿಯೊಳಗಿನ ಮುಖಕ್ಕೆ ಬೆರಳು ತೋರಿಸಿ, “ಮಾವ, ಉಗುಳ್ಬಾರ್ದು” ಎಂದಳು. ಬಾಯಿ ತುಂಬ ನೊರೆಯಿತ್ತು. ಮಾತು ಮುಗಿಯುವ ಮೊದಲೇ ಉಗುಳಬೇಕಾಗಿ ಬಂದದ್ದು ಅವಳಿಗೇ.

ಪದವಿ ಮುಗಿಸಿ ಕೆಲಸಕ್ಕೆ ಸೇರಿದ್ದರೂ ಮೋಕ್ಷಿತಾಳ ಸ್ವರ ಮಾತ್ರ ಇನ್ನೂ ಒಂದನೇ ಕ್ಲಾಸಿನಲ್ಲೇ ಕೂತಿತ್ತು. ಬಸ್ಸಿನಲ್ಲಿ ತನ್ನ ನಿಲ್ದಾಣ ದಾಟಿಹೋದರೂ ‘ಇಳೀಲಿಕ್ಕೆ ಉಂಟು’ ಎಂದು ಕೂಗಲಾರದೆ, ಮುಂದಿನ ನಿಲ್ದಾಣದಲ್ಲಿ ಬೇರೆಯವರ ಹಿಂದೆ ಇಳಿದು, ವಾಯುವಿಹಾರಕ್ಕೆ ಬಂದವಳ ಹಾಗೆ ಹಿಂದಕ್ಕೆ ನಡೆದು ಬರುವ ಹುಡುಗಿ ಅವಳು. ಇಂಥವಳಿಗೆ ಸಿಕ್ಕಿದ ಕೆಲಸವೆಂದರೆ ಸುಳ್ಯ ಬಸ್ ನಿಲ್ದಾಣದ ಹತ್ತಿರ ತ್ಯಾಂಪಣ್ಣನ ಟ್ರಾವೆಲ್ಸ್ ಆಫೀಸಿನಲ್ಲಿ ಕೂತು ಜನರನ್ನು ದೂರದ ಊರುಗಳಿಗೆ ಕಳಿಸುವುದು. ಕಾಶಿಗೆ ಕಳಿಸಿದ್ದಳು, ರಾಮೇಶ್ವರಕ್ಕೆ ಕಳಿಸಿದ್ದಳು. ತಾನು ಮಾತ್ರ ಮೈಸೂರಿನಿಂದ ಆಚೆ ಹೋದವಳಲ್ಲ. ಆದರೂ ಗುಟ್ಟಾಗಿ ಒಂದು ಪಾಸ್‌ಪೋರ್ಟ್ ಮಾಡಿಸಿಟ್ಟಿದ್ದಳು. ಮನೆಯಲ್ಲಿ ಯಾರೂ ಇಲ್ಲದಾಗ ಅದನ್ನು ತೆರೆದು, ಹೊಸ ಸೀರೆಯನ್ನು ಮೂಸುವ ಹಾಗೆ ಅದರ ಖಾಲಿ ಪುಟಗಳನ್ನು ಮೂಸುತ್ತಿದ್ದಳು.

ಈಗ ಆ ಪುಟಗಳ ಮೇಲೆ ಒಂದು ಮುದ್ರೆ ಬೀಳುವ ಯೋಗ ಬಂದಿತ್ತು. ಸುಳ್ಯದ ಪಕ್ಕದಲ್ಲೇ ಇರುವ ಅವಳ ಊರು ಆಲೆಟ್ಟಿಯ ರಬ್ಬರ್ ಬೆಳೆಗಾರರ ಸಂಘದ ಹದಿನೈದು ಮಂದಿ ಸಿಂಗಾಪುರಕ್ಕೆ ಹೊರಡುವವರಿದ್ದರು. ಹದಿನೈದು ಟಿಕೆಟಿಗೆ ಒಂದು ಸೀಟು ಪುಕ್ಕಟೆ. ಅದು ತಂಡವನ್ನು ಕರೆದುಕೊಂಡು ಹೋಗುವ ಲೀಡರನಿಗೆ. ಆ ಸೀಟಿನ ಮೇಲೆ ತ್ಯಾಂಪಣ್ಣನ ಹೆಂಡತಿಯ ತಮ್ಮ ಲತೀಶ್ ಆಗಲೇ ಟವೆಲು ಹಾಕಿ ಆಗಿತ್ತು.

“ನೋಡು ಮೋಕ್ಷಿತಾ,” ಎಂದಿದ್ದ ತ್ಯಾಂಪಣ್ಣ ಹಿಂದಿನ ದಿನ, “ಲತೀಶನಿಗೆ ಬಾಯಿ ಉಂಟು, ತಲೆ ಇಲ್ಲ. ನಿಂಗೆ ತಲೆ ಉಂಟು, ಬಾಯಿ ಇಲ್ಲ. ನಾನು ಯಾರನ್ನು ಕಳಿಸುದು? ಒಂದು ಕೆಲಸ ಮಾಡುವ. ನಾಳೆ ಅವರು ಬರ್ತಾರೆ. ಸಿಂಗಾಪುರದ ಕಾನೂನೆಲ್ಲ ನೀನು ಅವರಿಗೆ ತಾಲೀಮು ಮಾಡ್ಸು. ಸಂಜೆ ಅವರ ಬಾಯಲ್ಲೇ ಬರ್ಲಿ ಲೀಡರ್ ಯಾರು ಅಂತ. ನಿನ್ನ ಹೆಸರು ಹೇಳಿದ್ರೆ ನೀನು ಹೋಗು.”

“ತಾಲೀಮು ಅಂದ್ರೆ…?”

“ಯಕ್ಷಗಾನಕ್ಕೆ ಮಾಡುದಿಲ್ವಾ, ಹಾಗೆ. ಕಾನೂನು ಬಾಯಲ್ಲಿ ಹೇಳಿದ್ರೆ ಈ ಕಿವಿಯಲ್ಲಿ ಹೋಗಿ ಆ ಕಿವಿಯಲ್ಲಿ ಬರ್ತದೆ. ಮೈಯಲ್ಲಿ ಕೂತ್ಕೊಳ್ಬೇಕು. ಕಳೆದ ವರ್ಷ ಬ್ಯಾಂಕಾಕಿಗೆ ಕಳಿಸಿದವರು ಗೊತ್ತುಂಟಲ್ಲ, ಹೋಟೆಲಿನ ಸ್ನಾನದ ತೊಟ್ಟಿಯಲ್ಲಿ ನೀರುದೋಸೆಗೆ ಅಕ್ಕಿ ನೆನೆ ಹಾಕಿದ್ರು! ಹೋಟೆಲಿನವರ ಎದುರು ನನ್ನ ಮರ್ಯಾದೆಯೂ ನೆನೆದು ಹೋಯ್ತು.”

ಹಾಗಾಗಿ ಈ ದಿನ ಬಂದಿತ್ತು. ಒಂದು ಕಡೆ ಸಿಂಗಾಪುರ, ಇನ್ನೊಂದು ಕಡೆ ಮೋಕ್ಷಿತಾ. ನಡುವೆ, ಸಣ್ಣವಳಿದ್ದಾಗಿನಿಂದ ಅತ್ತೆ, ಮಾವ ಎಂದು ಕರೆದು ಬಂದ ಊರಿನ ಹದಿನೈದು ಮಂದಿ ದೊಡ್ಡವರು.

ಎರಡು ಜೀಪುಗಳಲ್ಲಿ ಅವರು ಬಂದಿಳಿದಾಗ ಆಫೀಸಿನ ಮುಂದೆ ಮದುವೆಯ ದಿಬ್ಬಣ ಬಂದಂತಾಯಿತು. ಬ್ಯಾಗು ಕಟ್ಟಿಕೊಂಡೇ ಬರಬೇಕೆಂದು ಹೇಳಿದ್ದರಿಂದ ಎಲ್ಲರ ಕೈಯಲ್ಲೂ ಬ್ಯಾಗು. ಮುಂದೆ ಸಂಘದ ಅಧ್ಯಕ್ಷ ಬೋಜಪ್ಪ, ಬಿಳಿ ಪಂಚೆ, ಕೆಂಪು ತುಟಿ. ನಿದ್ದೆಯಲ್ಲಿ ಬಿಟ್ಟರೆ ಬೋಜಪ್ಪನ ಬಾಯಿ ಎಲೆಅಡಿಕೆಯಿಲ್ಲದೆ ಇದ್ದದ್ದನ್ನು ಕಂಡವರಿಲ್ಲ. ಅವರ ಹಿಂದೆ ಖಜಾಂಚಿ ಲೋಲಾಕ್ಷಿ, ಸೊಂಟದ ಮೇಲೆ ಒಂದು ಕೈ, ಪ್ರಪಂಚದ ಮೇಲೆ ಒಂದು ಕಣ್ಣು.

ತ್ಯಾಂಪಣ್ಣ ಹೊಸ್ತಿಲ ಮೇಲೆ ನಿಂತು ಘೋಷಿಸಿದ: “ಎಲ್ಲರೂ ಕೇಳಿ. ಈ ಬಾಗಿಲಿನಿಂದ ಆಚೆ ಇವತ್ತು ಸುಳ್ಯ ಅಲ್ಲ, ಸಿಂಗಾಪುರ. ಅಲ್ಲಿಯ ಕಾನೂನು ಹೇಗೋ ಇಲ್ಲಿಯೂ ಹಾಗೆ. ಮೋಕ್ಷಿತಾ ಇವತ್ತು ಅಲ್ಲಿಯ ಪೊಲೀಸು. ತಪ್ಪಿದ್ರೆ ಊದ್ತಾಳೆ.” ಹಾಗೆಂದು ಅವಳ ಕೊರಳಿಗೆ ಒಂದು ಸೀಟಿ ತೂಗಿಬಿಟ್ಟ.

“ಇವಳಾ?” ಲೋಲಾಕ್ಷಿ ಮೇಲಿಂದ ಕೆಳಗೆ ನೋಡಿದರು. “ನಮ್ಮ ಪೂವಕ್ಕನ ಮಗಳಲ್ವಾ ಇವಳು? ಇವಳು ಒಂದು ಬಲೂನು ಊದಿದ್ದನ್ನೂ ನಾನು ನೋಡಿಲ್ಲ ಮಾರಾಯ್ರೆ.”

ಎಲ್ಲರೂ ನಕ್ಕರು. ಮೋಕ್ಷಿತಾಳೂ ನಕ್ಕಳು. ನಗದಿದ್ದರೆ ಅವರಿಗೆ ಬೇಸರವಾದೀತು ಎಂದು.

ನಿಯಮಗಳನ್ನು ಓದಲು ಶುರುಮಾಡಿದಳು. ಮೊದಲ ಸಾಲಿನವರಿಗೆ ತುಟಿ ಅಲ್ಲಾಡಿದ್ದು ಕಾಣಿಸಿತು. ಎರಡನೇ ಸಾಲಿನವರು ಅವಳು ಪ್ರಾರ್ಥನೆ ಮಾಡುತ್ತಿದ್ದಾಳೆಂದು ತಿಳಿದು ಕೈಮುಗಿದರು. ಅಷ್ಟರಲ್ಲಿ ಪಕ್ಕದ ಮೊಬೈಲ್ ಅಂಗಡಿಯ ಶಹನಾ ಬಾಗಿಲಲ್ಲಿ ಕಾಣಿಸಿಕೊಂಡಳು. ಮೋಕ್ಷಿತಾಳ ಗೆಳತಿ ಅವಳು. ಬಾಯಿ ಹಂಚುವಾಗ ದೇವರು ಮೋಕ್ಷಿತಾಳ ಪಾಲನ್ನೂ ಇವಳಿಗೇ ಕೊಟ್ಟಿದ್ದ.

“ನೀನು ನನ್ನ ಕಿವಿಯಲ್ಲಿ ಹೇಳು, ನಾನು ಊರಿಗೆ ಹೇಳ್ತೇನೆ,” ಎಂದು ಪಕ್ಕದಲ್ಲಿ ನಿಂತಳು.

ಮೋಕ್ಷಿತಾ ಪಿಸುಗುಟ್ಟಿದಳು. ಶಹನಾ ಗುಡುಗಿದಳು: “ರಸ್ತೆಯಲ್ಲಿ ಉಗುಳ್ಲಿಕ್ಕಿಲ್ಲ! ಕಸ ಬಿಸಾಡ್ಲಿಕ್ಕಿಲ್ಲ! ಹತ್ತಿರ ಬಿಳಿ ಪಟ್ಟೆ ಇದ್ರೆ ಪಟ್ಟೆಯಲ್ಲೇ ರಸ್ತೆ ದಾಟುದು! ಹೋಟೆಲಲ್ಲಿ ತಿಂದ ತಟ್ಟೆ ನಾವೇ ಕೊಂಡುಹೋಗಿ ಇಡುದು! ಚೂಯಿಂಗ್ ಗಮ್ ತಕೊಂಡು ಹೋಗ್ಲಿಕ್ಕಿಲ್ಲ! ಪಾರಿವಾಳಕ್ಕೆ ಕಾಳು ಹಾಕ್ಲಿಕ್ಕಿಲ್ಲ!”

“ಪಾರಿವಾಳ ಎಂತ ಪಾಪ ಮಾಡಿದೆ?” ಹಿಂದಿನಿಂದ ಯಾರೋ ಕೇಳಿದರು.

“ಎಲ್ಲ ಮಾಡ್ಲಿಕ್ಕಿಲ್ಲ ಅಂದ್ರೆ ಮತ್ತೆ ಅಲ್ಲಿ ಮಾಡುದು ಎಂತದು?”

“ನೋಡುದು,” ಎಂದಳು ಶಹನಾ. “ಕೈ ಕಟ್ಟಿ ನೋಡುದು. ಈಗ ಬ್ಯಾಗು ತೆರೀರಿ. ನಾನು ಏರ್‌ಪೋರ್ಟಿನ ಆಫೀಸರ್.”

ಶಹನಾಳ ಮನೆಯವರೆಲ್ಲ ಗಲ್ಫಿಗೆ ಹೋಗಿಬಂದು ಮಾಡುವವರು. ಬ್ಯಾಗು ತೆರೆಸುವ ಗತ್ತು ಅವಳಿಗೆ ಮನೆಯಿಂದಲೇ ಬಂದಿತ್ತು. ಲೋಲಾಕ್ಷಿಯ ಬ್ಯಾಗಿನಿಂದ ಹಪ್ಪಳ ಬಂತು, ಸಂಡಿಗೆ ಬಂತು, ಉಪ್ಪಿನಕಾಯಿಯ ಬಾಟಲಿ ಬಂತು, ಎಲ್ಲದರ ಅಡಿಯಲ್ಲಿ ಸೀರೆಯ ಮಡಿಕೆಯೊಳಗೆ ಒಂದು ಪೊಟ್ಟಣ ಬಂತು.

“ಇದೆಂತ ಅತ್ತೆ?”

“ಸ್ವಲ್ಪ ಗಸಗಸೆ. ನನ್ನ ತಂಗಿಯ ಮಗಳು ಅಲ್ಲಿದ್ದಾಳಲ್ಲ, ಅವಳಿಗೆ ಗಸಗಸೆ ಪಾಯಸ ಅಂದ್ರೆ ಪ್ರಾಣ.”

“ಗಸಗಸೆ ಅಲ್ಲಿಗೆ ತಕೊಂಡು ಹೋಗ್ಲೇಬಾರ್ದು,” ಎಂದಳು ಶಹನಾ. “ಅಫೀಮಿನ ಗಿಡದ ಬೀಜ ಅಲ್ವಾ ಅದು? ಅಫೀಮಿನ ಲೆಕ್ಕದಲ್ಲೇ ಹಿಡೀತಾರೆ.”

ಲೋಲಾಕ್ಷಿಯ ಸೊಂಟದ ಮೇಲಿದ್ದ ಕೈ ಎದೆಗೆ ಬಂತು. “ಅಫೀಮು? ನಾನಾ? ಮೂರು ಸಲ ಸಂಘದ ಖಜಾಂಚಿ ಆದವಳು ನಾನು! ಮಗಳೇ ಮೋಕ್ಷಿತಾ, ನನ್ನ ಮುಖ ನೋಡಿ ಹೇಳು, ನಾನು ಅಫೀಮು ಕೊಂಡುಹೋಗುವ ಹೆಂಗಸಿನ ಹಾಗೆ ಕಾಣ್ತೇನಾ?”

ಕಾನೂನು ಒಂದು ಕಡೆ, ಸಂಜೆಯ ಆಯ್ಕೆ ಇನ್ನೊಂದು ಕಡೆ. ಮೋಕ್ಷಿತಾ ಇಲ್ಲವೆಂದು ತಲೆಯಾಡಿಸಿದಳು.

“ನೋಡಿ, ಪೊಲೀಸೇ ಇಲ್ಲ ಅಂತ ಹೇಳ್ತಾಳೆ,” ಎಂದು ಲೋಲಾಕ್ಷಿ ಪೊಟ್ಟಣವನ್ನು ಮತ್ತೆ ಸೀರೆಯೊಳಗೆ ಇಡಲು ಹೊರಟರು.

ಮೋಕ್ಷಿತಾಳ ಕೈ ತಾನಾಗಿ ಮುಂದೆ ಹೋಗಿ ಪೊಟ್ಟಣವನ್ನು ಹಿಡಿಯಿತು. “ಅತ್ತೆ, ನೀವು ಹಾಗೆ ಕಾಣುದಿಲ್ಲ. ಆದ್ರೆ… ಗಸಗಸೆ ಹಾಗೇ ಕಾಣ್ತದೆ.”

ಅವಳ ಮಟ್ಟಿಗೆ ಅದು ಭಾಷಣ. ಲೋಲಾಕ್ಷಿ ಪೊಟ್ಟಣ ಕೊಟ್ಟರು. ಅದರ ಜೊತೆ ಒಂದು ನೋಟವನ್ನೂ ಕೊಟ್ಟರು. ಆ ನೋಟದಲ್ಲಿ ಲತೀಶನ ಹೆಸರು ದೊಡ್ಡ ಅಕ್ಷರದಲ್ಲಿ ಬರೆದಿತ್ತು.

ಹೊರಗೆ ಹೊರಡುವ ಹೊತ್ತಿಗೆ ಶಹನಾಳ ಅಂಗಡಿಗೆ ಗಿರಾಕಿ ಬಂದು, “ಇನ್ನು ನೀನೇ ನೋಡ್ಕೊ ಮಾರಾಯ್ತಿ” ಎಂದು ಅವಳು ಹೋದಳು. ಮೋಕ್ಷಿತಾಳ ಸ್ವರವೇ ಎದ್ದು ಹೋದಂತಾಯಿತು.

ಬೋಜಪ್ಪ ಹೊಸ್ತಿಲ ಒಳಗೆ ನಿಂತು ಸಾವಕಾಶವಾಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. “ಮಗಳೇ, ಕಾನೂನು ಸರಿ ಹೇಳು. ಹಾಕ್ಲಿಕ್ಕೆ ಅಡ್ಡಿಯಾ, ಉಗುಳ್ಲಿಕ್ಕೆ ಅಡ್ಡಿಯಾ?”

“ಮಾವ… ಇವತ್ತಿನ ತಾಲೀಮಿನಲ್ಲಿ ಉಗುಳ್ಲಿಕ್ಕೆ.”

“ಹಾಗಾದ್ರೆ ಹಾಕುವ. ಉಗುಳಿದ್ರೆ ಕೇಳು. ಬೋಜಪ್ಪ ಕಾನೂನು ಮುರಿದವ ಅಲ್ಲ.” ಎಂದವರೇ ಒಂದಕ್ಕೆ ಎರಡು ಎಲೆ ಬಾಯಿಗಿಟ್ಟು, ಯುದ್ಧಕ್ಕೆ ಹೊರಟವರಂತೆ ಹೊಸ್ತಿಲು ದಾಟಿದರು.

ಚಹಾಕ್ಕೆಂದು ಗೊತ್ತು ಮಾಡಿದ್ದ ರಾಧಾಕೃಷ್ಣನ ಹೋಟೆಲು ರಸ್ತೆಯ ಆಚೆ ಇತ್ತು. ಬೇರೆ ದಿನವಾದರೆ ಆಲೆಟ್ಟಿಯವರು ಒಂದು ಕೈ ಮೇಲೆತ್ತಿ, ಲಾರಿಗೂ ಕಾರಿಗೂ ನಡುವೆ ನುಸುಳಿ, ಇಷ್ಟು ಹೊತ್ತಿಗೆ ಚಹಾ ಕುಡಿದು ಮುಗಿಸುತ್ತಿದ್ದರು. ಈ ದಿನ ಎಲ್ಲರೂ ರಸ್ತೆಯ ಅಂಚಿನಲ್ಲಿ ನಿಂತು ಕೆಳಗೆ ನೋಡತೊಡಗಿದರು.

“ಎಲ್ಲಿ ಪಟ್ಟೆ?”

“ಮಳೆಗಾಲಕ್ಕಿಂತ ಮೊದಲು ಇತ್ತು.”

“ಅಲ್ಲಿ ಕಾಣ್ತದಲ್ಲ, ಬೆಳ್ಳಗೆ?”

“ಅದು ಪಟ್ಟೆ ಅಲ್ಲ, ಯಾರೋ ಮಜ್ಜಿಗೆ ಚೆಲ್ಲಿದ್ದು.”

ಪಟ್ಟೆ ಹತ್ತಿರದಲ್ಲಿ ಇಲ್ಲದಿದ್ದರೆ ಎರಡೂ ಕಡೆ ನೋಡಿಕೊಂಡು ದಾಟಬಹುದು ಎಂಬುದು ಮೋಕ್ಷಿತಾಳಿಗೆ ಗೊತ್ತಿತ್ತು. ಹೇಳಿದಳು ಕೂಡ. ಆದರೆ ಅವಳ ಮಾತು ಎದುರಿನಿಂದ ಬಂದ ಟಿಪ್ಪರಿನ ಸದ್ದಿಗೆ ಸಿಕ್ಕಿ ಅಲ್ಲೇ ಸತ್ತಿತು. ಅಷ್ಟರಲ್ಲಿ ಬಸ್ ನಿಲ್ದಾಣದ ಹತ್ತಿರ ಮಾಸಿಹೋದ ಮೂರು ಗೆರೆಗಳನ್ನು ಯಾರೋ ಕಂಡುಹಿಡಿದರು. ಚಿನ್ನದ ನಿಕ್ಷೇಪ ಸಿಕ್ಕಿದವರ ಹಾಗೆ ಎಲ್ಲರೂ ಅಲ್ಲಿಗೆ ಹೋಗಿ, ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಂತು, ವಾಹನಗಳು ನಿಲ್ಲುವುದನ್ನು ಕಾಯತೊಡಗಿದರು.

ವಾಹನಗಳಿಗೆ ಇದು ಸಿಂಗಾಪುರ ಎಂದು ಯಾರೂ ಹೇಳಿರಲಿಲ್ಲ. ಒಂದೂ ನಿಲ್ಲಲಿಲ್ಲ.

ಕಾಯುತ್ತ ನಿಂತ ಸಾಲಿನ ಕೊನೆಗೆ, ಕೈಯಲ್ಲಿ ಚೀಲ ಹಿಡಿದ ಒಬ್ಬ ಹೆಂಗಸು ಬಂದು ನಿಂತಳು. ಸಾಲು ಕಂಡರೆ ನಿಲ್ಲಬೇಕು, ಕಾರಣ ಆಮೇಲೆ ಕೇಳಬೇಕು ಎಂಬುದು ನಮ್ಮ ಊರಿನ ಅನುಭವ.

“ಇದು ಎಂತದರ ಕ್ಯೂ?”

“ಸಿಂಗಾಪುರದ್ದು,” ಎಂದರು ಮುಂದಿದ್ದವರು.

“ಹೌದಾ! ಆಧಾರ್ ಕಾರ್ಡ್ ಸಾಕಾ?”

ಅವಳ ಹಿಂದೆ ಕಡಬದಿಂದ ಬಂದ ಗಂಡ ಹೆಂಡತಿ ನಿಂತರು. ಅವರ ಹಿಂದೆ ಕಾಲೇಜಿನ ಮೂವರು. “ಸರ್ಕಾರದ್ದಂತೆ, ಹೆಂಗಸರಿಗೆ ಪುಕ್ಕಟೆಯಂತೆ” ಎಂದು ಒಬ್ಬರು, “ಹಾಗಾದ್ರೆ ಗಂಡಸರಿಗೆ ಅರ್ಧ ಟಿಕೆಟಾದ್ರೂ ಮಾಡ್ಬೇಕಿತ್ತು” ಎಂದು ಇನ್ನೊಬ್ಬರು. ಸಾಲು ಬೇಕರಿಯನ್ನು ದಾಟಿತು, ಮೆಡಿಕಲನ್ನು ದಾಟಿತು, ತಿರುವಿನಲ್ಲಿ ಬಾಗಿ ಕಾಣದಾಯಿತು. ಮೋಕ್ಷಿತಾ ಸಾಲಿನುದ್ದಕ್ಕೂ ಓಡಾಡಿ, “ಅಲ್ಲ… ಇದು ಹಾಗಲ್ಲ…” ಎನ್ನುತ್ತಿದ್ದಳು. ಕೊರಳಿನ ಸೀಟಿ ನೋಡಿದವರು ಅವಳನ್ನು ಸಿಬ್ಬಂದಿಯೆಂದು ತಿಳಿದು, ಎಲ್ಲಿ ಸಹಿ ಹಾಕಬೇಕೆಂದು ಕೇಳಿದರು.

ಈ ನಡುವೆ ಬೋಜಪ್ಪನ ಕೆನ್ನೆಗಳು ದೊಡ್ಡದಾಗುತ್ತ ಹೋಗಿದ್ದವು. ಮೊದಲು ನೆಲ್ಲಿಕಾಯಿಯ ಗಾತ್ರ, ಆಮೇಲೆ ನಿಂಬೆ, ಈಗ ಮೂಸಂಬಿ. ಬಾಯಿ ತೆರೆಯುವಂತಿರಲಿಲ್ಲ. ಅಧ್ಯಕ್ಷರನ್ನು ಕೇಳದೆ ಸಾಲು ಬಿಟ್ಟು ಹೋಗಲು ಉಳಿದವರಿಗೂ ಮನಸ್ಸಿರಲಿಲ್ಲ.

“ಬೋಜಪ್ಪಣ್ಣ, ಎಂತ ಮಾಡುದು? ಹಿಂದೆ ಹೋಗುವನಾ?”

“ಮ್ಮ್. ಮ್ಮ್ಮ್ಮ್.”

“ಎಂತ ಹೇಳಿದ್ರು?”

“ಹೋಗುವ ಅಂತ ಹೇಳಿದ್ರು.”

“ಅಲ್ಲ, ನಿಲ್ಲುವ ಅಂತ ಹೇಳಿದ್ರು.”

ಬೋಜಪ್ಪ ಎರಡೂ ಕೈ ಆಡಿಸಿ ಮೂರನೆಯದೇನನ್ನೋ ಹೇಳಿದರು. ಕಣ್ಣಲ್ಲಿ ನೀರು ಬಂತು. ಕೊನೆಗೆ ಮನುಷ್ಯನ ಸಹನೆಗೂ ಒಂದು ಅಳತೆಯಿದೆಯಲ್ಲ, ಮೆಲ್ಲನೆ ಅವರ ಕುತ್ತಿಗೆ ಪಕ್ಕದ ಚರಂಡಿಯತ್ತ ಬಾಗಿತು.

ಮೋಕ್ಷಿತಾ ಕಂಡಳು. ಬೆಳಗಿನಿಂದ ಹೆದರಿದ್ದ ಗಳಿಗೆ ಇದೇ. ಹೇಳಲು ತೆರೆದ ಬಾಯಿಗೆ ಸೀಟಿಯನ್ನೇ ಇಟ್ಟಳು. ಕಣ್ಣು ಮುಚ್ಚಿ, ಹುಟ್ಟಿದಂದಿನಿಂದ ಒಳಗೇ ಇಟ್ಟುಕೊಂಡಿದ್ದ ಅಷ್ಟೂ ಉಸಿರನ್ನು ಸೀಟಿಯೊಳಗೆ ಬಿಟ್ಟಳು.

ಪೀಈಈಈಈ!

ಅದೆಂಥ ಸೀಟಿ! ಮರದ ಮೇಲಿನ ಕಾಗೆಗಳು ಎದ್ದವು. ಬೋಜಪ್ಪ ಬೆಚ್ಚಿಬಿದ್ದು, ಬಾಯಲ್ಲಿದ್ದುದನ್ನೆಲ್ಲ ಗಟಕ್ಕನೆ ನುಂಗಿದರು. ಮತ್ತು, ಪಕ್ಕದ ನಿಲ್ದಾಣದಲ್ಲಿ ನಿಂತಿದ್ದ ಪುತ್ತೂರಿನ ಬಸ್ಸು ಹೊರಟುಹೋಯಿತು.

ಸೀಟಿ ಕೇಳಿದರೆ ಹೊರಡುವುದು ಡ್ರೈವರನ ಧರ್ಮ. ಯಾರು ಊದಿದರು ಎಂದು ತಿರುಗಿ ನೋಡುವುದು ಅವನ ಧರ್ಮವಲ್ಲ. ಕಂಡಕ್ಟರ್ ಮಾತ್ರ ಗೂಡಂಗಡಿಯಲ್ಲಿ ಚಹಾದ ಗ್ಲಾಸು ಹಿಡಿದು ನಿಂತವನು ಹಾಗೆಯೇ ಓಡಿದ.

“ಓಯ್! ಓಯ್! ನಾನು ಇಲ್ಲಿ ಉಂಟು ಮಾರಾಯಾ!”

ಬಸ್ಸು ತಿರುವು ದಾಟಿತು. ಕಂಡಕ್ಟರ್ ಗ್ಲಾಸು ಹಿಡಿದೇ ಹಿಂದಕ್ಕೆ ಬಂದ. ಅದರಲ್ಲಿ ಚಹಾ ಇರಲಿಲ್ಲ, ಅವನ ಅಂಗಿಯ ಮೇಲಿತ್ತು.

“ಯಾರು ಊದಿದ್ದು?”

ಆಲೆಟ್ಟಿಯ ಹದಿನೈದು ಮಂದಿ, ಕಡಬದ ಗಂಡ ಹೆಂಡತಿ, ಕಾಲೇಜಿನ ಮೂವರು, ತಿರುವಿನ ಆಚೆ ಕಾಣದೆ ನಿಂತಿದ್ದವರು, ಎಲ್ಲರೂ ಬೆರಳು ತೋರಿಸಿದರು. ಮೋಕ್ಷಿತಾ ಸುಮ್ಮನಿರಲಾರದೆ ತಾನೂ ತನ್ನ ಕಡೆಗೆ ತೋರಿಸಿಕೊಂಡಳು.

“ನಿಂಗೆಂತ ಹುಚ್ಚಾ ತಂಗಿ? ಬಸ್ಸಿನಲ್ಲಿ ಜನ ಉಂಟು, ನನ್ನ ಬ್ಯಾಗ್ ಉಂಟು, ಊಟದ ಬುತ್ತಿ ಉಂಟು!”

“ಸಾರಿ ಅಣ್ಣ… ನಾನು ಬಸ್ಸಿಗೆ ಊದಿದ್ದಲ್ಲ, ಬೋಜಪ್ಪ ಮಾವನಿಗೆ ಊದಿದ್ದು…”

ಕಂಡಕ್ಟರ್ ಒಂದು ರಿಕ್ಷಾ ಹಿಡಿದು ತನ್ನ ಬಸ್ಸನ್ನು ಅಟ್ಟಿಸಿಕೊಂಡು ಹೋದ. ಅವನು ಹೋದ ಜಾಗಕ್ಕೆ ಒಬ್ಬ ಪೊಲೀಸ್ ಕಾನ್‌ಸ್ಟೇಬಲ್ ಬಂದ.

“ಎಂತದಿದು? ಯಾರು ಕ್ಯೂ ಮಾಡಿಸಿದ್ದು? ಪರ್ಮಿಷನ್ ಉಂಟಾ?”

ಮೋಕ್ಷಿತಾ ಏನೋ ಹೇಳಿದಳು. ಅವನು ಬಗ್ಗಿ ಕಿವಿ ಕೊಟ್ಟ. ಇನ್ನೂ ಬಗ್ಗಿದ. ಟೋಪಿ ಬಿತ್ತು.

“ನಾನು ಹೇಳ್ತೇನೆ ಸಾರ್,” ಎಂದು ಲೋಲಾಕ್ಷಿ ಮುಂದೆ ಬಂದರು. “ಇವಳು ಪೊಲೀಸು.”

“ಹಾಗಾದ್ರೆ ನಾನು ಯಾರು?”

“ನೀವು ಸುಳ್ಯದ್ದು. ಇವಳು ಸಿಂಗಾಪುರದ್ದು.”

ಕಾನ್‌ಸ್ಟೇಬಲ್ ಟೋಪಿ ಹೆಕ್ಕಿ ಧೂಳು ಕೊಡವಿದ. ಇಂಥದ್ದನ್ನು ಠಾಣೆಗೆ ಕೊಂಡುಹೋದರೆ ಬರೆಯುವವನೂ ತಾನೇ ಎಂಬುದು ಅವನಿಗೆ ಹೊಳೆದಿರಬೇಕು. ಮೋಕ್ಷಿತಾಳ ಕೊರಳಿನಿಂದ ಸೀಟಿ ಬಿಚ್ಚಿ ತನ್ನ ಜೇಬಿಗೆ ಹಾಕಿಕೊಂಡ. “ಇದು ನನ್ನ ಹತ್ರ ಇರ್ಲಿ. ಇನ್ನು ದಾಟಿ ಹೋಗಿ ಒಮ್ಮೆ, ದಮ್ಮಯ್ಯ.” ರಸ್ತೆಯ ನಡುವೆ ನಿಂತು ಎರಡೂ ಕೈ ಚಾಚಿದ.

ಮಡಿಕೇರಿಯ ಕಡೆಯಿಂದ ಬಂದ ಬಸ್ಸು ನಿಂತಿತು. ಪುತ್ತೂರಿನ ಕಡೆಯಿಂದ ಬಂದ ಲಾರಿ ನಿಂತಿತು. ಕಾರು, ರಿಕ್ಷಾ, ಬೈಕು ಎಲ್ಲ ನಿಂತವು. ಆ ಮೌನದಲ್ಲಿ ಬೋಜಪ್ಪ ಪಂಚೆಯ ಅಂಚನ್ನು ಎರಡು ಬೆರಳಿನಲ್ಲಿ ಎತ್ತಿಕೊಂಡು, ಅಕ್ಕಪಕ್ಕ ನೋಡುತ್ತ, ಕಾಲ ಕೆಳಗೆ ಕೆಂಪು ಹಾಸು ಹಾಸಿದ್ದಾರೋ ಎಂಬಂತೆ ದಾಟಿದರು. ಹಿಂದೆ ಹದಿನಾಲ್ಕು ಮಂದಿ. ಅವರ ಹಿಂದೆ ಇಡೀ ಕ್ಯೂ. ಆಚೆ ದಡ ಮುಟ್ಟಿದ ಮೇಲೆ ಅಲ್ಲಿ ವಿಮಾನ ಕಾಣದೆ ಕೆಲವರು ಬೈದುಕೊಂಡು ಹೋದರು. ಉಳಿದವರು, ಹೇಗೂ ಬಂದದ್ದಾಯಿತು ಎಂದು ಹೋಟೆಲಿಗೆ ನುಗ್ಗಿದರು.

“ನಾನು ಉಗುಳ್ಲಿಲ್ಲ,” ಎಂದರು ಬೋಜಪ್ಪ, ಕೂತ ಕೂಡಲೇ, ಬಿಕ್ಕಳಿಸುತ್ತ. “ಎಲ್ಲರೂ ನೋಡಿದ್ದೀರಲ್ಲ? ಉಗುಳ್ಲಿಲ್ಲ.”

ಬನ್ಸ್ ಬಂತು, ಗೋಳಿಬಜೆ ಬಂತು, ಚಹಾ ಬಂತು. ಸೀಟಿ ಹೋದ ಮೇಲೆ ಮೋಕ್ಷಿತಾಳಿಗೆ ಕೊರಳು ಹಗುರವಾಗಿತ್ತು, ಮನಸ್ಸು ಭಾರವಾಗಿತ್ತು. ಸಿಂಗಾಪುರ ಪುತ್ತೂರಿನ ಬಸ್ಸಿನ ಜೊತೆ ತಿರುವು ದಾಟಿ ಹೋಗಿಯಾಗಿತ್ತು. ಇನ್ನು ಆಗುವುದಕ್ಕೆ ಏನೂ ಉಳಿದಿಲ್ಲ ಎಂದು ಅವಳು ಬನ್ಸ್ ಮುರಿಯುತ್ತಿರುವಾಗ ಹದಿನೈದು ಕುರ್ಚಿಗಳು ಒಟ್ಟಿಗೆ ಹಿಂದೆ ಸರಿದವು.

ಆಲೆಟ್ಟಿಯವರು ತಟ್ಟೆ, ಗ್ಲಾಸು ಕೈಯಲ್ಲಿ ಹಿಡಿದು, ಸಾಲಾಗಿ, ಗಂಭೀರವಾಗಿ, ಅಡುಗೆಮನೆಯ ಕಡೆ ಹೊರಟಿದ್ದರು.

ಗಲ್ಲಾದಲ್ಲಿ ಕೂತಿದ್ದ ರಾಧಾಕೃಷ್ಣನ ಮುಖ ಬಿಳಿಚಿಕೊಂಡಿತು. “ಎಂತಾಯ್ತು? ಎಂತ ಉಂಟು ಅದ್ರಲ್ಲಿ? ಕೂದಲಾ?”

“ಕಾನೂನು,” ಎಂದರು ಲೋಲಾಕ್ಷಿ, ತಿರುಗಿ ಕೂಡ ನೋಡದೆ.

ಉಳಿದ ಮೇಜುಗಳಲ್ಲಿ ಕೂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ಮಂದಿ ತಟ್ಟೆ ವಾಪಸು ಕೊಡುತ್ತಿದ್ದಾರೆಂದರೆ ಏನೋ ಇರಲೇಬೇಕು. ಅವರೂ ಅರ್ಧ ತಿಂದ ತಟ್ಟೆ ಹಿಡಿದು ಎದ್ದರು. ಅಡುಗೆಮನೆಯ ಬಾಗಿಲಲ್ಲಿ ಸಂತೆಯಾಯಿತು. ಮೇಜು ಒರೆಸುವ ಸೇವಂತಿಯಕ್ಕ ಬಟ್ಟೆ ಹಿಡಿದು, “ನನ್ನನ್ನು ತೆಗ್ದು ಹಾಕಿದ್ರಾ ಧನಿಗಳೇ?” ಎಂದು ಅಳುವ ಮೋರೆ ಮಾಡಿದಳು. ಒಳಗೆ ಲೋಲಾಕ್ಷಿಗೆ ತಟ್ಟೆ ಇಟ್ಟು ಬರಲು ಮನಸ್ಸಾಗಲಿಲ್ಲ. ತೊಳೆದಿಟ್ಟರು. ತನ್ನದನ್ನಷ್ಟೇ ತೊಳೆದರೆ ನೋಡಿದವರು ಏನೆಂದುಕೊಂಡಾರು ಎಂದು ಎಲ್ಲರದನ್ನೂ ತೊಳೆದರು. ಆಮೇಲೆ ಒಲೆಯ ಮೇಲಿದ್ದ ಸಾಂಬಾರಿನ ಮುಚ್ಚಳ ತೆಗೆದು ಒಂದು ಹನಿ ಅಂಗೈಗೆ ಬಿಟ್ಟು ನೆಕ್ಕಿ, “ಉಪ್ಪು ಹಾಕ್ಲಿಕ್ಕೆ ಮರೆತದ್ದು ಯಾರು ಇದಕ್ಕೆ?” ಎಂದರು.

“ಅತ್ತೆ, ಅದು ಕಾನೂನಿನಲ್ಲಿ ಇಲ್ಲ,” ಎಂದು ಮೋಕ್ಷಿತಾ ಅವರ ಸೆರಗು ಹಿಡಿದೆಳೆದಳು.

“ಸುಮ್ನಿರು. ಬೇರೆ ದೇಶಕ್ಕೆ ಹೋದಾಗ ನಮ್ಮಿಂದ ಅವರಿಗೂ ಒಂದು ಉಪಕಾರ ಆಗ್ಬೇಕು.”

ಉಪ್ಪು ಬಿತ್ತು. ಅವರ ಹಿಂದೆ ನಿಂತಿದ್ದ ಅಡುಗೆ ಭಟ್ಟರು ಸೌಟನ್ನು ಕೆಳಗಿಟ್ಟು, ಹೆಗಲ ಮೇಲಿನ ಬೈರಾಸು ಟವೆಲು ಕೊಡವಿ, ಹಿಂಬಾಗಿಲಿನಿಂದ ಹೊರಟುಹೋದರು. ರಾಧಾಕೃಷ್ಣ ಅವರ ಹಿಂದೆ ಓಡಿದ. ಹೋಗುವ ಮೊದಲು ಮೋಕ್ಷಿತಾಳ ಕಡೆ ತಿರುಗಿ ಎರಡೂ ಕೈ ಮುಗಿದು, “ನಿಮ್ಮ ಸಿಂಗಾಪುರಕ್ಕೆ ಬೇರೆ ಹೋಟೆಲು ಸಿಕ್ಲಿಲ್ವಾ?” ಎಂದ.

ಸಂಜೆ ಎಲ್ಲರೂ ಮತ್ತೆ ಆಫೀಸಿನಲ್ಲಿ ಸೇರಿದಾಗ ತ್ಯಾಂಪಣ್ಣನಿಗೆ ಆ ದಿನದ ವರದಿ ನಾಲ್ಕು ಕಡೆಯಿಂದ ಬಂದಿತ್ತು. ಪೊಲೀಸಿನವನಿಂದ, ಕಂಡಕ್ಟರನಿಂದ, ರಾಧಾಕೃಷ್ಣನಿಂದ, ಮತ್ತು ಎಲ್ಲವನ್ನೂ ಸೇರಿಸಿ ದುಪ್ಪಟ್ಟು ಮಾಡಿ ಲತೀಶನಿಂದ. ಮೋಕ್ಷಿತಾ ಮೂಲೆಯ ಕಪಾಟಿಗೆ ಅಂಟಿಕೊಂಡು ನಿಂತಿದ್ದಳು. ಅಂಗಡಿ ಮುಚ್ಚಿ ಬಂದ ಶಹನಾ ಅವಳ ಕೈ ಹಿಡಿದುಕೊಂಡಿದ್ದಳು.

“ಆದದ್ದು ಆಯ್ತು,” ಎಂದ ತ್ಯಾಂಪಣ್ಣ, ಗಂಟಲು ಸರಿಮಾಡಿಕೊಂಡು. “ಈಗ ಸಂಘದವರು ಹೇಳಿ. ಲೀಡರ್ ಯಾರು? ಲತೀಶ ಹೇಗೂ ತಯಾರುಂಟು.”

ಲೋಲಾಕ್ಷಿ ಎದ್ದು ನಿಂತರು. ಮೋಕ್ಷಿತಾ ಕಣ್ಣು ಮುಚ್ಚಿದಳು.

“ನನ್ನದೊಂದು ಮಾತು. ಈ ಗೂಡೆ, ಇಷ್ಟು ಸಣ್ಣ ಹುಡುಗಿ, ಇವತ್ತು ನನ್ನ ಗಸಗಸೆ ಕಿತ್ತುಕೊಂಡ್ಳು. ಇಡೀ ಆಲೆಟ್ಟಿಯಲ್ಲಿ ನನ್ನ ಕೈಯಿಂದ ಒಂದು ವಸ್ತು ಕಿತ್ತುಕೊಂಡವರು ಇದುವರೆಗೆ ಯಾರೂ ಇಲ್ಲ. ನನ್ನ ಗಂಡನೂ ಇಲ್ಲ. ಮತ್ತೆ ಆ ಸೀಟಿ! ನನ್ನ ಕಿವಿಯಲ್ಲಿ ಇನ್ನೂ ಕೂಗ್ತಾ ಉಂಟು. ಲೀಡರ್ ಅಂದ್ರೆ ಹಾಗಿರ್ಬೇಕು. ಇವಳೇ ಆಗ್ಲಿ.”

“ಇವಳೇ ಆಗ್ಲಿ!” ಹದಿನಾಲ್ಕು ಕೈಗಳು ಮೇಲೆದ್ದವು. ಶಹನಾ ತನಗೆ ಮತವಿಲ್ಲದಿದ್ದರೂ ಎರಡು ಕೈ ಎತ್ತಿದಳು.

ಮೋಕ್ಷಿತಾ ಕಣ್ಣು ತೆರೆದಳು. ಕಿಟಕಿಯ ಪಕ್ಕದ ಸೀಟು, ಕೆಳಗೆ ಹತ್ತಿಯ ಹಾಗೆ ಮೋಡ, ಪಾಸ್‌ಪೋರ್ಟಿನ ಮೇಲೆ ಟಪ್ಪೆಂದು ಬೀಳುವ ಮುದ್ರೆ, ಎಲ್ಲ ಒಂದು ಕ್ಷಣದಲ್ಲಿ ಬಂದು ಅವಳ ಎದುರು ಕೂತವು. ಇಷ್ಟು ಸುಲಭವೇ? ಬಾಯಿ ಬಿಡದೆಯೇ ಎಲ್ಲ ಸಿಕ್ಕಿಬಿಟ್ಟಿತಲ್ಲ!

“ಭೇಷ್!” ತ್ಯಾಂಪಣ್ಣ ಕಂಪ್ಯೂಟರಿನ ಕಡೆ ತಿರುಗಿದ. “ಹಾಗಾದ್ರೆ ಈಗ್ಲೇ ಟಿಕೆಟ್ ಹಾಕ್ತೇನೆ. ಹದಿನೈದು, ಒಂದು, ಹದಿನಾರು.”

“ಯಾವ ಟಿಕೆಟ್?” ಎಂದರು ಬೋಜಪ್ಪ.

ತ್ಯಾಂಪಣ್ಣನ ಬೆರಳು ಗಾಳಿಯಲ್ಲೇ ನಿಂತಿತು. “ಸಿಂಗಾಪುರದ್ದು.”

“ಅದೇ ಹೇಳ್ಬೇಕು ಅಂತ ಇದ್ದೆ.” ಬೋಜಪ್ಪ ಎದ್ದು ಪಂಚೆ ಸರಿಮಾಡಿಕೊಂಡರು. ಅಚ್ಚರಿಯೆಂದರೆ ಬಾಯಿ ಖಾಲಿ ಇತ್ತು. “ಹೋಟೆಲಿನಿಂದ ಬರುವಾಗ ನಾವೆಲ್ಲ ಮಾತಾಡಿದೆವು. ಅಲ್ಲ ತ್ಯಾಂಪಣ್ಣ, ನಾನು ಸಣ್ಣವನಿರುವಾಗಿನಿಂದ ಈ ಸುಳ್ಯದ ರಸ್ತೆ ದಾಟಿದ್ದೇನೆ. ಪ್ರತಿ ಸಲವೂ ಓಡಿ ದಾಟಿದ್ದು. ನಾಯಿ ಅಟ್ಟಿಸಿಕೊಂಡು ಬಂದವನ ಹಾಗೆ. ಇವತ್ತು ನಡೆದು ದಾಟಿದೆ. ಲಾರಿ ನಿಂತಿತು, ಬಸ್ಸು ನಿಂತಿತು, ನಾನು ನಡೆದೆ. ನಮ್ಮ ಊರಿನಲ್ಲೇ ಹೀಗಾಗ್ತದೆ ಅಂತಾದ್ರೆ ಅಷ್ಟು ದೂರ ಹೋಗಿ ನೋಡ್ಲಿಕ್ಕೆ ಇನ್ನೆಂತ ಉಂಟು?”

“ಅದು ಹಾಗಲ್ಲ ಬೋಜಪ್ಪಣ್ಣ…” ಎಂದ ತ್ಯಾಂಪಣ್ಣ.

“ಹೇಗಲ್ಲ? ಸಿಂಗಾಪುರದವರೂ ದೇವರು ಕೊಟ್ಟ ಕಾಲಿನಲ್ಲಿ ಅಲ್ವಾ ನಡೆಯುದು? ನಮಗೂ ಉಂಟು. ಹಾಗಾಗಿ ಟೂರಿಗೆ ಇಟ್ಟದ್ದನ್ನು ಇಲ್ಲೇ ಖರ್ಚು ಮಾಡುದು ಅಂತ ತೀರ್ಮಾನ ಆಗಿದೆ. ಆಲೆಟ್ಟಿಯ ರಸ್ತೆಗೆ ಪಟ್ಟೆ ಹಾಕಿಸುವ. ಕಸದ ಡಬ್ಬಿ ಇಡುವ. ಶಾಲೆಯ ಹತ್ರ ಒಂದು ಕಕ್ಕಸು ಮಾಡುವ. ನಮ್ಮದೇ ಸಿಂಗಾಪುರ!”

“ಅಲ್ಲಿ ಸಮುದ್ರ ಉಂಟಲ್ಲ?” ಹಿಂದಿನಿಂದ ಒಬ್ಬರು.

“ನಮ್ಮಲ್ಲಿ ಪಯಸ್ವಿನಿ ಹೊಳೆ ಉಂಟು.”

ಚಪ್ಪಾಳೆ ಬಿತ್ತು. ತ್ಯಾಂಪಣ್ಣ ಕಂಪ್ಯೂಟರಿನ ಮೇಲೆ ತಲೆಯಿಟ್ಟ. ತೆರೆಯ ಮೇಲೆ ಮೂಡಿದ್ದ ವಿಮಾನ ಅವನ ಮೂಗು ತಾಗಿ ಮಾಯವಾಯಿತು.

“ಇನ್ನು ಪ್ರತಿ ಆದಿತ್ಯವಾರ ತಾಲೀಮು,” ಬೋಜಪ್ಪ ಮುಂದುವರಿಸಿದರು. “ಯಾರು ಉಗುಳಿದ್ರೂ, ಯಾರು ಕಸ ಹಾಕಿದ್ರೂ ಹಿಡಿದು ಬೈಲಿಕ್ಕೆ ಒಬ್ಬರು ಬೇಕು. ಮನೆ ಮನೆಗೆ ಹೋಗಿ ಹೇಳ್ಬೇಕು. ಜೋರು ಮಾಡ್ಬೇಕು. ಅದಕ್ಕೇ ಲೀಡರ್ ಮೋಕ್ಷಿತಾ. ಎಲ್ಲರ ಒಪ್ಪಿಗೆ ಆಗಿದೆ.”

ಆದಿತ್ಯವಾರ. ಮನೆ ಮನೆ. ಜೋರು. ಆಲೆಟ್ಟಿಯಲ್ಲಿರುವ ಮಾವಂದಿರೆಲ್ಲ ಒಬ್ಬೊಬ್ಬರಾಗಿ, ಕೆಂಪು ಬಾಯಿ ತುಂಬಿಕೊಂಡು, ಮೋಕ್ಷಿತಾಳ ಕಣ್ಣ ಮುಂದೆ ಸಾಲಾಗಿ ನಿಂತರು. ಕಿಟಕಿಯ ಸೀಟು ಮೆಲ್ಲನೆ ಎದ್ದು ಹೊರಗೆ ಹೋಯಿತು.

“ನಮ್ಮ ಊರಿನ ಮಗಳಿಗೆ ಎಂಥ ಮರ್ಯಾದೆ, ನೋಡು!” ಲೋಲಾಕ್ಷಿ ಅವಳ ಬೆನ್ನು ತಟ್ಟಿದರು. “ಇವಳ ಅಮ್ಮನಿಗೆ ನಾನೇ ಫೋನ್ ಮಾಡಿ ಹೇಳಿದೆ. ಖುಷಿಯಲ್ಲಿ ಮಾತೇ ಹೊರಡ್ಲಿಲ್ಲ ಅವಳಿಗೆ.”

“ಎಂತ ಮಗಳೇ, ಖುಷಿ ಆಯ್ತಲ್ಲ?” ಬೋಜಪ್ಪ ನಗುತ್ತ ಕೇಳಿದರು.

ಇಂಥ ಪ್ರಶ್ನೆಗೆ ಮೋಕ್ಷಿತಾಳ ತಲೆ ತಾನಾಗಿಯೇ ಹೌದೆಂದು ಆಡುತ್ತಿತ್ತು. ಎರಡು ಸಲ ಬೇಡವೆಂದ ಮೇಲೂ ಎಲೆಗೆ ಪಾಯಸ ಬಿದ್ದಾಗ ಆಡುತ್ತಿತ್ತು. ತನಗಿಷ್ಟವಿಲ್ಲದ ಬಣ್ಣದ ಚೂಡಿದಾರ ತಂದು ‘ಚೆಂದ ಉಂಟಲ್ಲ?’ ಎಂದಾಗ ಆಡುತ್ತಿತ್ತು. ಈಗಲೂ ಆಡಲು ಶುರುಮಾಡಿತು. ಒಮ್ಮೆ ಕೆಳಗೆ ಹೋಯಿತು. ಆದರೆ ಮೇಲೆ ಬರುವಾಗ ಅರ್ಧಕ್ಕೆ ನಿಂತಿತು.

ಶಹನಾ ಅವಳ ಕೈ ಬಿಟ್ಟಳು.

“ಇಲ್ಲ,” ಎಂದಳು ಮೋಕ್ಷಿತಾ. ಹಿಂದಿನ ಸಾಲಿನವರೂ ತಿರುಗಿ ನೋಡಿದರು. ಹೊರಗೆ ನಿಂತಿದ್ದ ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದವು. “ನಂಗೆ ಸಿಂಗಾಪುರಕ್ಕೇ ಹೋಗ್ಬೇಕಿತ್ತು ಮಾವ!”